ತಗಡಿನ ಅಕ್ಷರಗಳು

ಈ ಸ್ಮರಣ ಸಂಚಿಕೆಗೆ ಒಂದು ಬರಹವನ್ನು ಕೊಡಬೇಕೆಂದು ಸಂಘದ ಹಿರಿಯರು ಕೇಳಿಕೊಂಡಾಗ ನಾವು ಮೂವರು ಒಡಹುಟ್ಟಿದವರು ತುಸು ಹಿಂಜರಿದೆವು. ನಮ್ಮಲ್ಲಿ ಯಾರೂ ಸಾಹಿತಿಗಳಲ್ಲ. ಹಿರಿಯವನು ಮಂಗಳೂರಿನಲ್ಲಿ ವಿದ್ಯುತ್ ಕೆಲಸದ ಗುತ್ತಿಗೆದಾರ. ನಡುವಿನವಳು ನಿವೃತ್ತ ಕನ್ನಡ ಅಧ್ಯಾಪಿಕೆ. ಕಿರಿಯವನು ಅನಂತಪುರದ ಮನೆಯಲ್ಲಿದ್ದು ಅಡಿಕೆ ತೋಟವನ್ನೂ ವೃದ್ಧ ತಾಯಿಯವರನ್ನೂ ನೋಡಿಕೊಂಡಿರುವವನು. ಆದರೆ ಕಳೆದ ಕೆಲವು ವರ್ಷಗಳಲ್ಲಿ ನಾವು ಮೂವರೂ ಸೇರಿ ಒಂದು ಕೆಲಸವನ್ನು ಮಾಡಿದೆವು, ಅದರಲ್ಲಿ ಒಂದು ತಪ್ಪನ್ನೂ ಮಾಡಿದೆವು. ಆ ತಪ್ಪು ಕನ್ನಡದ ಒಂದೇ ಒಂದು ಅಕ್ಷರವನ್ನು ತಪ್ಪಾಗಿ ಓದಿದ್ದರಿಂದ ಆದದ್ದು. ಆದ್ದರಿಂದ ಇದು ಸಾಹಿತ್ಯ ಸಮ್ಮೇಳನದ ಸಂಚಿಕೆಗೆ ಪೂರ್ತಿ ಹೊರಗಿನ ವಿಷಯವಲ್ಲವೆಂದು ಭಾವಿಸಿ ಬರೆಯುತ್ತಿದ್ದೇವೆ.

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ನಾಯ್ಕಾಪಿನ ಬಳಿ ತಿರುಗಿದರೆ ಅನಂತಪುರ. ಮುರಕಲ್ಲಿನ ಬೋಳು ಪದವು, ಅದರ ನಡುವೆ ತಗ್ಗಿನಲ್ಲಿ ನೀರು ತುಂಬಿದ ಕೆರೆ, ಕೆರೆಯ ಮಧ್ಯದಲ್ಲಿ ಅನಂತಪದ್ಮನಾಭನ ಗುಡಿ. ಹೊರಗಿನವರಿಗೆ ನಮ್ಮ ಊರೆಂದರೆ ಈ ಕೆರೆ ಮತ್ತು ಅದರಲ್ಲಿದ್ದ ಮೊಸಳೆ ಬಬಿಯಾ. ನಮಗೆ ಮಾತ್ರ ಮನೆಯ ಹಿಂದಿನ ಹಂಚಿನ ಕೊಟ್ಟಗೆಯೂ ಅಷ್ಟೇ ಮುಖ್ಯವಾದ ಸ್ಥಳವಾಗಿತ್ತು. ಏಕೆಂದರೆ ಆ ಕೊಟ್ಟಗೆಯಲ್ಲಿ ದನಗಳ ಬದಲಾಗಿ 1951ನೆಯ ಇಸವಿಯ ಒಂದು ಎಂ.ಜಿ. ಟಿಡಿ ಕಾರು ಇತ್ತು.

ಎಂ.ಜಿ. ಎಂದರೆ ಮೋರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಸಣ್ಣ ಪಟ್ಟಣದ ಕಾರ್ಖಾನೆಯಲ್ಲಿ 1949ರ ಕೊನೆಯಿಂದ 1953ರ ತನಕ ಈ ಟಿಡಿ ಮಾದರಿಯ ಮೂವತ್ತು ಸಾವಿರಕ್ಕೆ ಸ್ವಲ್ಪ ಕಡಮೆ ಕಾರುಗಳು ತಯಾರಾದವು. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. ಎರಡೇ ಆಸನ, ಬಟ್ಟೆಯ ಮಾಡು, ನಡುವಿನಿಂದ ರೆಕ್ಕೆಗಳಂತೆ ಎರಡು ಕಡೆಗೂ ತೆರೆಯುವ ಬಾನೆಟ್, 1250 ಸಿಸಿಯ ಇಂಜಿನು, ಅದಕ್ಕೆ ಅವಳಿ ಕಾರ್ಬುರೇಟರುಗಳು. ನಮ್ಮಲ್ಲಿದ್ದದ್ದು ಕೊಡಗಿನ ಒಂದು ಕಾಫಿ ತೋಟದವರ ಕಾರು. ಕುಂಬಳೆಯ ರಸ್ತೆ ಬದಿಯಲ್ಲಿ ನಮ್ಮ ತಂದೆಯವರ ಸಣ್ಣ ವರ್ಕ್‌ಶಾಪು ಇತ್ತು. 1968ರಲ್ಲಿ ಆ ಕಾರು ಅಲ್ಲಿಗೆ ರಿಪೇರಿಗೆ ಬಂದಿತು. ರಿಪೇರಿ ಮುಗಿಯುವ ಮೊದಲೇ ಯಜಮಾನರು ತೀರಿಕೊಂಡರು. ಬಾಕಿ ಹಣದ ಬಾಬ್ತು ಕಾರನ್ನೇ ಇಟ್ಟುಕೊಳ್ಳಿರೆಂದು ಮನೆಯವರು ಕಾಗದ ಬರೆದರು. ಮೆಕ್ಯಾನಿಕನೊಬ್ಬನ ಮನೆಗೆ ಸ್ಪೋರ್ಟ್ಸ್ ಕಾರು ಬಂದ ಕತೆ ಇಷ್ಟೇ.

ಎರಡೇ ಆಸನದ ಕಾರಿನಲ್ಲಿ ಐವರು ಹೇಗೆ ಕುಳಿತುಕೊಳ್ಳುತ್ತಿದ್ದೆವೆಂದು ಈಗ ಯೋಚಿಸಿದರೆ ನಗು ಬರುತ್ತದೆ. ಕಿರಿಯವನು ತಾಯಿಯವರ ಮಡಿಲಲ್ಲಿ, ಉಳಿದ ಇಬ್ಬರು ಹಿಂದಿನ ಸಾಮಾನಿನ ಜಾಗದಲ್ಲಿ. ಹೀಗೆ ಮಧೂರಿನ ಜಾತ್ರೆಗೂ ಹೋಗಿದ್ದೇವೆ, ರಾತ್ರಿಯ ಯಕ್ಷಗಾನದ ಬಯಲಾಟಗಳಿಗೂ ಹೋಗಿದ್ದೇವೆ. ಬಯಲಾಟಕ್ಕೆ ಹೋದಾಗ ಹೆಡ್‌ಲೈಟು ಉರಿಯುತ್ತದೆಯೇ ಇಲ್ಲವೇ ಎಂಬುದೇ ದಾರಿಯುದ್ದಕ್ಕೂ ಚಿಂತೆ. ಈ ಕಾರುಗಳ ವಿದ್ಯುತ್ ಸಾಮಗ್ರಿಯೆಲ್ಲ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಾಸ್ ಕಂಪೆನಿಯದು. ಆ ಕಂಪೆನಿಯನ್ನು ಇಂಗ್ಲಿಷ್ ಕಾರುಗಳ ಪ್ರೇಮಿಗಳು ‘ಕತ್ತಲೆಯ ರಾಜಕುಮಾರ’ ಎಂದು ಹಾಸ್ಯ ಮಾಡುವುದುಂಟೆಂದು ನಮಗೆ ತಿಳಿದದ್ದು ಬಹಳ ತಡವಾಗಿ. ಆ ಹಾಸ್ಯದ ಅರ್ಥವನ್ನು ಮಾತ್ರ ನಾವು ಬಾಲ್ಯದಲ್ಲಿಯೇ, ಬಯಲಾಟ ಮುಗಿಸಿ ಬರುವಾಗ ಅನುಭವಿಸಿದ್ದೆವು.

ತಂದೆಯವರು ಆ ಕಾರನ್ನು 1991ರ ತನಕ ಓಡಿಸಿದರು. 2007ರಲ್ಲಿ ತೀರಿಕೊಂಡರು. ಅನಂತರ ಹನ್ನೆರಡು ವರ್ಷ ಅದು ಕೊಟ್ಟಗೆಯಲ್ಲಿ ಮಡಲು, ಸೌದೆ, ಅಡಿಕೆ ಗೋಣಿಗಳ ನಡುವೆ ನಿಂತಿತ್ತು. ಇಲಿಗಳು ತಂತಿಗಳನ್ನು ಕಡಿದಿದ್ದವು. 2019ರ ಕೊನೆಯಲ್ಲಿ ಅದನ್ನು ಮತ್ತೆ ಓಡುವಂತೆ ಮಾಡೋಣವೆಂದು ನಿಶ್ಚಯಿಸಿದೆವು. ಬರಿದೆ ಓಡುವಂತಲ್ಲ, ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ. ಇಂಜಿನು, ಬ್ರೇಕು, ಬಣ್ಣಗಳ ಕೆಲಸವನ್ನು ಅರಿತವರಿಗೆ ಒಪ್ಪಿಸಿದೆವು. ತಂತಿಗಳ ಕೆಲಸವನ್ನು ನಾವೇ ಮಾಡುವುದೆಂದು ತೀರ್ಮಾನಿಸಿದೆವು. ಹಿರಿಯವನ ಕಸುಬೇ ಅದಾಗಿತ್ತಲ್ಲ.

ಹಳೆಯ ಕಾರಿನ ತಂತಿಗಳಿಗೂ ಒಂದು ಭಾಷೆಯುಂಟು. ಲ್ಯೂಕಾಸಿನವರು ಪ್ರತಿಯೊಂದು ತಂತಿಯ ಕೆಲಸಕ್ಕೂ ಒಂದು ಬಣ್ಣವನ್ನು ಗೊತ್ತುಮಾಡಿದ್ದರು. ಬ್ಯಾಟರಿಯಿಂದ ನೇರವಾಗಿ ಬರುವುದು ಕಂದು, ಚಾವಿ ತಿರುಗಿಸಿದಾಗ ಜೀವ ಪಡೆಯುವುದು ಬಿಳಿ, ಅದೇ ವಿದ್ಯುತ್ತು ಫ್ಯೂಸನ್ನು ದಾಟಿದ ಮೇಲೆ ಹಸಿರು, ಹೆಡ್‌ಲೈಟಿನದು ನೀಲಿ, ಹಿಂದಿನ ಮತ್ತು ಬದಿಯ ದೀಪಗಳದು ಕೆಂಪು, ಡೈನಮೊದ್ದು ಹಳದಿ, ಭೂಸಂಪರ್ಕದ್ದು ಕಪ್ಪು. ಒಂದೇ ಬಣ್ಣದ ಎರಡು ತಂತಿಗಳನ್ನು ಬೇರ್ಪಡಿಸಲು ಮೇಲೆ ಇನ್ನೊಂದು ಬಣ್ಣದ ಸಣ್ಣ ಎಳೆ: ಡೈನಮೊದ ಫೀಲ್ಡ್ ತಂತಿ ಹಳದಿಯ ಮೇಲೆ ಹಸಿರು ಎಳೆಯದು. ಒಳಗೆ ತಾಮ್ರ, ಅದರ ಸುತ್ತ ರಬ್ಬರು, ಅದರ ಮೇಲೆ ಬಣ್ಣದ ಹತ್ತಿದಾರದ ಹೆಣಿಗೆ. ಇಂತಹ ತಂತಿಗಳೆಲ್ಲವನ್ನೂ ಒಟ್ಟು ಸೇರಿಸಿ ಮತ್ತೆ ದಾರದ ಹೆಣಿಗೆಯ ಹೊದಿಕೆಯನ್ನು ಹಾಕಿ ಒಂದು ಕಟ್ಟು ಮಾಡಿ ಕೂರಿಸುತ್ತಿದ್ದರು. ಕಟ್ಟಿನಿಂದ ಎಲ್ಲಿ ಯಾವ ಕವಲು ಹೊರಡಬೇಕು, ಯಾವ ಕ್ಲಿಪ್ಪಿನ ಕೆಳಗೆ ಹಾದುಹೋಗಬೇಕು ಎಂಬುದಕ್ಕೂ ನಿಯಮವಿತ್ತು.

ಇನ್ನೊಂದು ವಿಶೇಷವನ್ನೂ ಹೇಳಬೇಕು. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣಧ್ರುವವನ್ನು ಕಾರಿನ ಮೈಗೆ ಜೋಡಿಸುತ್ತಾರೆ. ಟಿಡಿಯಲ್ಲಿ ಮೈಗೆ ಜೋಡಣೆಯಾಗುವುದು ಧನಧ್ರುವ. ಅಂದಿನ ಇಂಗ್ಲಿಷ್ ಕಾರುಗಳಲ್ಲಿ ಇದೇ ರೂಢಿಯಾಗಿತ್ತು. ತಿಳಿಯದವರು ಹೊಸ ರೀತಿಯಲ್ಲಿ ಬ್ಯಾಟರಿ ಜೋಡಿಸಿದರೆ ಅಮ್ಮೀಟರಿನ ಮುಳ್ಳು ಹಿಮ್ಮುಖವಾಗಿ ನಡೆಯುತ್ತದೆ, ಡೈನಮೊ ಕೆಡುವ ಸಂಭವವೂ ಇದೆ.

ನಾವು ಬಾನೆಟ್ ತೆರೆದು ನೋಡಿದಾಗ ಕಂಡದ್ದು ಈ ಯಾವುದೂ ಅಲ್ಲ. ಅಲ್ಲಿದ್ದದ್ದು ತಂದೆಯವರ ತಂತಿಗಳು. ಮನೆಗೆ ವಿದ್ಯುತ್ತು ಎಳೆಯುವ ಪ್ಲಾಸ್ಟಿಕ್ ತಂತಿ ಕೆಲವು ಕಡೆ, ಲಾರಿಯಿಂದ ಬಿಚ್ಚಿದ ಕೇಬಲು ಕೆಲವು ಕಡೆ. ಹೆಚ್ಚಿನವು ಕೆಂಪು ಅಥವಾ ಕಪ್ಪು. ಡೈನಮೊ ಅಂಬಾಸಡರಿನದು. ಬ್ಯಾಟರಿಯ ಧ್ರುವಗಳನ್ನೂ ಅವರು ಅದಲುಬದಲು ಮಾಡಿದ್ದರು. ಇಂಗ್ಲೆಂಡಿನ ಮೂಲದ ಕಟ್ಟಿನಲ್ಲಿ ಉಳಿದಿದ್ದದ್ದು ಇಂಜಿನಿನ ಹಿಂದಿನ ತಗಡಿನ ಗೋಡೆಯ ಮೇಲೆ, ಕ್ಲಿಪ್ಪುಗಳ ಅಡಿಯಲ್ಲಿ ಒಂದು ಗೇಣು ಉದ್ದದ ಮೂರು ತುಂಡುಗಳು ಮಾತ್ರ. ಹೊರನೋಟಕ್ಕೆ ಅವು ಎಣ್ಣೆ, ಧೂಳುಗಳಿಂದ ಒಂದೇ ಮಣ್ಣಿನ ಬಣ್ಣವಾಗಿದ್ದವು. ಹೊದಿಕೆಯನ್ನು ಕತ್ತರಿಸಿ ಬಿಡಿಸಿದಾಗ ಬೆಳಕು ತಾಗದ ಒಳಭಾಗದಲ್ಲಿ ಹಳದಿಯ ಮೇಲಿನ ಹಸಿರು ಎಳೆ ನಿನ್ನೆ ನೂತಂತೆ ಹೊಳೆಯಿತು.

ತಂದೆಯವರನ್ನು ಯಾರೂ ದೂರಬಾರದು. ಅವರ ಕಾಲದ ಸ್ಥಿತಿಯೇ ಹಾಗಿತ್ತು. ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬಿಡಿಭಾಗಗಳನ್ನು ತರಿಸಿ ಕಾರು ಜೋಡಿಸುತ್ತಿದ್ದ ಕಂಪೆನಿಗಳಿಗೆ 1953ರ ಬಳಿಕ ದೇಶದಲ್ಲಿ ಜಾಗವಿರಲಿಲ್ಲ. ಜನರಲ್ ಮೋಟರ್ಸ್ 1954ರಲ್ಲಿ ಹೊರಟುಹೋಯಿತು. ಉಳಿದದ್ದು ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್. ವಿದೇಶದಿಂದ ಒಂದು ಗಜ ತಂತಿಯನ್ನು ತರಿಸುವುದೂ ಕುಂಬಳೆಯ ವರ್ಕ್‌ಶಾಪಿನವನಿಗೆ ಸಾಧ್ಯವಿರಲಿಲ್ಲ. ಇದ್ದದ್ದರಲ್ಲಿ ಕಾರನ್ನು ನಡೆಸುವುದೇ ಅವರ ಜಾಣ್ಮೆಯಾಗಿತ್ತು. ಇಪ್ಪತ್ತಮೂರು ವರ್ಷ ನಡೆಸಿದರು.

ಬಣ್ಣಗಳ ಭಾಷೆಯನ್ನು ಕಳೆದುಕೊಂಡ ಆ ತಂತಿಗಳಿಗೆ ತಂದೆಯವರು ತಮ್ಮದೇ ಆದ ಇನ್ನೊಂದು ಭಾಷೆಯನ್ನು ಕೊಟ್ಟಿದ್ದರು. ಬಿಸ್ಕತ್ತಿನ ಡಬ್ಬಿಯ ತಗಡನ್ನು ಬೆರಳಿನುಗುರಿನಷ್ಟು ಚೂರುಗಳಾಗಿ ಕತ್ತರಿಸಿ, ಮೊಳೆಯಿಂದ ಕನ್ನಡದ ಅಕ್ಷರಗಳನ್ನು ಗೀರಿ, ಸಣ್ಣ ತೂತು ಮಾಡಿ ಪ್ರತಿಯೊಂದು ತಂತಿಗೂ ಕಟ್ಟಿದ್ದರು. ಬ್ಯಾಟರಿಗೆ ‘ಬ್ಯಾ’. ಡೈನಮೊಕ್ಕೆ ‘ಡೈ’. ರೆಗ್ಯುಲೇಟರಿಗೆ ‘ಕ’, ಅವರ ಬಾಯಲ್ಲಿ ಅದು ಕಟೌಟು. ಡಿಸ್ಟ್ರಿಬ್ಯೂಟರಿಗೆ ‘ಡೆ’, ಏಕೆಂದರೆ ನಮ್ಮ ಕಡೆಯ ಮೆಕ್ಯಾನಿಕರಿಗೆ ಅದು ಯಾವ ಕಂಪೆನಿಯದಾದರೂ ಡೆಲ್ಕೊವೇ. ಹಾರನ್ನಿಗೆ ‘ಹಾ’. ಇಂತಹ ಹದಿನೇಳು ಚೂರುಗಳಿದ್ದವು. ಐದನೆಯ ತರಗತಿಯ ತನಕ ಮಾತ್ರ ಕಲಿತಿದ್ದ ತಂದೆಯವರು ಬರೆದದ್ದೆಂದು ನಮ್ಮಲ್ಲಿ ಉಳಿದಿರುವುದು ಒಂದು ಲೆಕ್ಕದ ಪುಸ್ತಕ ಮತ್ತು ಈ ಹದಿನೇಳು ತಗಡುಗಳು.

ಕಿರಿಯವನ ಮಗ ದುಬಾಯಿಯಲ್ಲಿದ್ದಾನೆ. ನಮ್ಮ ಜಿಲ್ಲೆಯಲ್ಲಿ ಕೊಲ್ಲಿಗೆ ಹೋದವರೊಬ್ಬರಿಲ್ಲದ ಮನೆಯನ್ನು ಹುಡುಕಬೇಕಾದೀತು. ಮೂಲದ ನಕ್ಷೆಯಂತೆಯೇ ಹತ್ತಿದಾರ ಹೆಣೆದು ಮಾಡಿದ ತಂತಿಗಳ ಕಟ್ಟನ್ನು ಅವನು ಇಂಗ್ಲೆಂಡಿನಿಂದ ತರಿಸಿ, 2019ರ ಡಿಸೆಂಬರಿನಲ್ಲಿ ರಜೆಗೆ ಬರುವಾಗ ತಂದುಕೊಟ್ಟನು. ಹಳೆಯದನ್ನು ಒಂದೊಂದಾಗಿ ಬಿಚ್ಚಬೇಕು, ಬಿಚ್ಚುವ ಮೊದಲು ಚಿತ್ರ ಬರೆಯಬೇಕು, ಎಲ್ಲಿಂದ ಎಲ್ಲಿಗೆ ಎಂದು ಪುಸ್ತಕದಲ್ಲಿ ಗುರುತಿಸಬೇಕು ಎಂದು ಹಿರಿಯವನು ಕಟ್ಟುನಿಟ್ಟಾಗಿ ಹೇಳಿದ್ದನು. ಪ್ರತಿ ಭಾನುವಾರ ಮಂಗಳೂರಿನಿಂದ ಬಂದು ತಾನೇ ಬರೆದುಕೊಳ್ಳುತ್ತಿದ್ದನು. ಮಾರ್ಚ್ ತಿಂಗಳ ಹೊತ್ತಿಗೆ ಡ್ಯಾಶ್‌ಬೋರ್ಡಿನ ಹಿಂದಿನ ಅರ್ಧ ಮುಗಿದಿತ್ತು. ಇಂಜಿನಿನ ಕಡೆಯ ಅರ್ಧ ಬಾಕಿಯಿತ್ತು.

2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆ ಮುಚ್ಚಿತು. ಅದರ ನೋವನ್ನು ಈ ಸಂಚಿಕೆಯ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಗಡಿನಾಡಿನ ಮನೆಗಳಲ್ಲಿ ಆ ದಿನಗಳು ಹೇಗೆ ಕಳೆದವೆಂಬುದು ಎಲ್ಲರಿಗೂ ಗೊತ್ತು. ನಮ್ಮ ಮಟ್ಟಿಗೆ ಹೇಳುವುದಾದರೆ, ಒಂದು ಗಂಟೆಯ ದಾರಿಯಲ್ಲಿದ್ದ ಅಣ್ಣನು ಇದ್ದಕ್ಕಿದ್ದಂತೆ ದುಬಾಯಿಯಲ್ಲಿದ್ದವನಷ್ಟೇ ದೂರದವನಾದನು. ಅನಂತಪುರದಲ್ಲಿ ಉಳಿದವರು ಇಬ್ಬರು. ಬೇರೆ ಕೆಲಸವಿಲ್ಲ, ಹೊಸ ತಂತಿಯ ಕಟ್ಟು ಪೆಟ್ಟಿಗೆಯಲ್ಲಿ ಕಾಯುತ್ತಿತ್ತು. ಹಿರಿಯವನು ಬರುವ ಹೊತ್ತಿಗೆ ಕೆಲಸ ಮುಗಿಸಿ ಬೆರಗುಗೊಳಿಸೋಣವೆಂಬ ಆಸೆಯೂ ಇತ್ತು. ಏಪ್ರಿಲಿನ ಒಂದು ಮಧ್ಯಾಹ್ನ, ಇಂಜಿನಿನ ಕಡೆಯ ತಂತಿಗಳನ್ನೆಲ್ಲ ಎರಡು ಗಂಟೆಗಳಲ್ಲಿ ಕತ್ತರಿಸಿ ತೆಗೆದೆವು. ಹೊಸ ನಕ್ಷೆ ಕೈಯಲ್ಲಿದೆಯಲ್ಲ, ಹಳೆಯದನ್ನು ಬರೆದುಕೊಂಡು ಆಗಬೇಕಾದದ್ದೇನು ಎಂದುಕೊಂಡೆವು. ತಗಡಿನ ಚೂರುಗಳನ್ನು ಮಾತ್ರ ಬಿಚ್ಚಿ ಒಂದು ಡಬ್ಬಿಗೆ ಹಾಕಿದೆವು.

ಆ ದಿನ ತೆಗೆದ ತಂತಿಗಳಲ್ಲಿ ಒಂದು ಉಳಿದವುಗಳಂತಿರಲಿಲ್ಲ. ಹೆಬ್ಬೆರಳಿನಷ್ಟು ದಪ್ಪ, ಲಾರಿಯ ಬ್ಯಾಟರಿಯ ಕೇಬಲಿನ ತುಂಡು. ಒಂದು ತುದಿ ಇಂಜಿನಿನ ಬೋಲ್ಟಿಗೆ, ಇನ್ನೊಂದು ತುದಿ ಚಾಸಿಗೆ. ಅದು ಯಾವ ದೀಪಕ್ಕೂ ಹೋಗುತ್ತಿರಲಿಲ್ಲ, ಯಾವ ಸ್ವಿಚ್ಚಿಗೂ ಬರುತ್ತಿರಲಿಲ್ಲ. ಹೊಸ ಕಟ್ಟಿನಲ್ಲಿ ಅದಕ್ಕೆ ಸರಿಯಾದ ತಂತಿಯೂ ಇರಲಿಲ್ಲ. ಅದಕ್ಕೆ ಕಟ್ಟಿದ್ದ ತಗಡಿನಲ್ಲಿ ಒಂದೇ ಅಕ್ಷರ: ‘ಅ’. ನಡುವಿನವಳು ಮೂವತ್ತು ವರ್ಷ ಕನ್ನಡ ಕಲಿಸಿದವಳು. ತಗಡನ್ನು ಬೆಳಕಿಗೆ ಹಿಡಿದು ನೋಡಿ, “ಇದು ‘ಅಧಿಕ’ ಇರಬೇಕು. ಆಮೇಲೆ ಸೇರಿಸಿದ್ದು” ಎಂದಳು. ಕಿರಿಯವನೂ ಒಪ್ಪಿದನು. ಆ ತಂತಿ ಅಷ್ಟು ಕುರೂಪಿಯಾಗಿತ್ತು, ಕಾರಿನ ಅಂದಕ್ಕೆ ಅಷ್ಟು ವಿರುದ್ಧವಾಗಿತ್ತು. ಅದು ಮೂಲದ್ದಾಗಿರಲು ಸಾಧ್ಯವೇ ಇಲ್ಲವೆಂದು ನಮಗೆ ತೋರಿತು. ಒಳಗೆ ಚಾವಡಿಯಲ್ಲಿ ಕುಳಿತಿದ್ದ ತಾಯಿಯವರನ್ನು ಕೇಳಬೇಕೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಮಳೆಗಾಲವೆಲ್ಲ ಹೊಸ ಕಟ್ಟನ್ನು ಕೂರಿಸುವುದರಲ್ಲಿ ಕಳೆಯಿತು. ಇಂಜಿನಿನ ಹಿಂದಿನ ಗೋಡೆಯ ಮೇಲೆ ರೆಗ್ಯುಲೇಟರಿನ ಪೆಟ್ಟಿಗೆ. ಅದರ ತಳದಲ್ಲಿ ಎ, ಎ-1, ಎಫ್, ಡಿ, ಇ ಎಂಬ ಅಕ್ಷರಗಳ ತಿರುಪುಗಳು. ಡೈನಮೊದ ಹಳದಿ ತಂತಿ ಡಿ ತಿರುಪಿಗೆ, ಹಸಿರು ಎಳೆಯದು ಎಫ್‌ಗೆ, ಭೂಸಂಪರ್ಕದ ಕಪ್ಪು ಇ ತಿರುಪಿಗೆ. ಕೊಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ದಪ್ಪ ತಂತಿಯೂ, ಅಲ್ಲಿಂದ ನಾಲ್ಕು ಪ್ಲಗ್ಗುಗಳಿಗೆ ಹೋಗುವವೂ ಮೂಲದಲ್ಲಿ ತಾಮ್ರದ ಒಳದಾರದ ಕಪ್ಪು ರಬ್ಬರಿನವು. ಅಂತಹವನ್ನೇ ಹುಡುಕಿ ತರಿಸಿದೆವು. ತಂತಿಗಳ ತುದಿಗೆ ಇಂದಿನಂತೆ ಇಕ್ಕಳದಿಂದ ಅದುಮುವ ಪ್ಲಾಸ್ಟಿಕ್ ಟೋಪಿಗಳನ್ನು ಹಾಕದೆ ಹಿತ್ತಾಳೆಯ ಮೊನೆಗಳನ್ನು ಬೆಸೆದೆವು. ಬೆಸುಗೆಯ ಕೆಲಸವನ್ನು ಹಿರಿಯವನು ಫೋನಿನಲ್ಲಿ ಚಿತ್ರ ನೋಡಿ ಹೇಳಿಕೊಡುತ್ತಿದ್ದನು. “ತಂತಿ ಬಿಸಿಯಾಗಬೇಕು, ಸೀಸ ತಾನಾಗಿ ಹರಿಯಬೇಕು. ಸೀಸವನ್ನು ಕರಗಿಸಿ ಮೆತ್ತಬೇಡಿ” ಎಂದು ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಕೆಲಸ ಮುಗಿದಾಗ ಬಾನೆಟ್ಟಿನ ಕೆಳಭಾಗವು ನಿಜವಾಗಿಯೂ ಸುಂದರವಾಗಿತ್ತು. ಬಣ್ಣದ ಎಳೆಗಳು ಕಟ್ಟಿನಿಂದ ಒಂದೊಂದಾಗಿ ಕವಲೊಡೆದು ತಮ್ಮ ತಮ್ಮ ತಿರುಪುಗಳನ್ನು ಸೇರಿದ್ದವು.

2021ರ ಜನವರಿಯಲ್ಲಿ ಹಿರಿಯವನು ಬಂದನು. ಬ್ಯಾಟರಿಯ ಧನಧ್ರುವವನ್ನು ಮೂಲದಂತೆ ಕಾರಿನ ಮೈಗೆ ಜೋಡಿಸಿದನು. ಧ್ರುವ ಬದಲಾದ ಮೇಲೆ ಡೈನಮೊಗೂ ಅದನ್ನು ತಿಳಿಸಬೇಕು. ಅದರ ಫೀಲ್ಡ್ ತಿರುಪಿಗೆ ಬ್ಯಾಟರಿಯ ತಂತಿಯನ್ನು ಒಂದು ಕ್ಷಣ ತಾಗಿಸಿ ಕಿಡಿ ಹಾರಿಸಿದನು. ಚಾವಿ ತಿರುಗಿಸಿದಾಗ ಪೆಟ್ರೋಲು ಪಂಪು ಟಿಕ್ ಟಿಕ್ ಎಂದಿತು, ಕಾರ್ಬುರೇಟರುಗಳು ತುಂಬಿದ ಮೇಲೆ ನಿಧಾನವಾಗಿ ನಿಂತಿತು. ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಬಾಲ್ಯದಲ್ಲಿ ಬೆಳಗಿನ ಜಾವ ಹಾಸಿಗೆಯಲ್ಲಿಯೇ ಕೇಳಿಸುತ್ತಿದ್ದ ಸದ್ದು ಅದು. ತಾಯಿಯವರನ್ನೂ ಕುರ್ಚಿ ಹಾಕಿ ಕೊಟ್ಟಗೆಯ ಬಾಗಿಲಲ್ಲಿ ಕುಳ್ಳಿರಿಸಿದೆವು. ಹಿರಿಯವನು ಚೋಕನ್ನು ಎಳೆದು, ಸ್ಟಾರ್ಟರಿನ ಗುಂಡಿಯನ್ನು ಎಳೆದನು.

ಇಂಜಿನು ಒಮ್ಮೆ ನರಳಿತು, ತಿರುಗಲಿಲ್ಲ. ಮತ್ತೊಮ್ಮೆ ಎಳೆದನು. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ ಬಂದಿತು. ಚೋಕಿನ ಉಕ್ಕಿನ ಕೇಬಲು ಕೆಂಪಗೆ ಕಾದು, ಅದಕ್ಕೆ ತಾಗಿದ್ದ ಹೊಸ ಹತ್ತಿಯ ಹೆಣಿಗೆ ಕಪ್ಪಾಗುತ್ತಿತ್ತು. ಕಿರಿಯವನು ಓಡಿಹೋಗಿ ಬ್ಯಾಟರಿಯ ಕೊಂಡಿಯನ್ನು ಕಿತ್ತನು, ಅಂಗೈ ಸುಟ್ಟಿತು.

ಹೊಗೆ ಆರಿದ ಮೇಲೆ ತಾಯಿಯವರು ಕುಳಿತಲ್ಲಿಂದಲೇ ಕೇಳಿದರು: “ಅಪ್ಪ ಹಾಕಿದ ಆ ದಪ್ಪದ ವಯರನ್ನು ಎಂತ ಮಾಡಿದಿರಿ?”

ನಾವು ಉತ್ತರ ಕೊಡಲಿಲ್ಲ.

“ಅದು ಅರ್ತ್ ಅಲ್ವಾ ಮಕ್ಕಳೇ. ಇಂಜಿನು ರಬ್ಬರಿನ ಮೇಲೆ ಕೂತಿರ್ತದೆ, ಅದಕ್ಕೆ ನೆಲವೇ ಇಲ್ಲ, ನಾವೇ ಕೊಡಬೇಕು ಅಂತ ಅಪ್ಪ ಹೇಳ್ತಿದ್ದರು. ಅದನ್ನು ಕಟ್ಟುವಾಗ ರಾತ್ರಿ ಟಾರ್ಚು ಹಿಡಿದವಳು ನಾನು.”

‘ಅ’ ಎಂದರೆ ಅಧಿಕವಲ್ಲ, ಅರ್ತ್. ಟಿಡಿಯ ಇಂಜಿನು ಚಾಸಿಯ ಮೇಲೆ ನೇರವಾಗಿ ಕೂರುವುದಿಲ್ಲ, ರಬ್ಬರಿನ ತುಂಡುಗಳ ಮೇಲೆ ಕೂರುತ್ತದೆ. ರಬ್ಬರು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಸ್ಟಾರ್ಟರ್ ಮೋಟಾರಿಗೆ ನೂರಕ್ಕೂ ಹೆಚ್ಚು ಆಂಪಿಯರ್ ವಿದ್ಯುತ್ತು ಬೇಕು. ಬ್ಯಾಟರಿಗೂ ಇಂಜಿನಿಗೂ ನಡುವೆ ಅದು ಹಾದುಹೋಗಲು ಇಂಜಿನಿನಿಂದ ಚಾಸಿಗೆ ಒಂದು ದಪ್ಪ ಜೋಡಣೆ ಇರಲೇಬೇಕು. ಕಾರ್ಖಾನೆಯವರು ಅಲ್ಲಿ ತಾಮ್ರದ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದ ಪಟ್ಟಿಯನ್ನು ಹಾಕಿದ್ದರು. ಅದು ಯಾವಾಗಲೋ ತುಂಡಾಗಿ ಹೋಗಿತ್ತು. ತಂದೆಯವರು ಅದರ ಜಾಗದಲ್ಲಿ, ಅದೇ ಬೋಲ್ಟಿಗೆ, ಲಾರಿಯ ಕೇಬಲನ್ನು ಹಾಕಿದ್ದರು. ನಾವು ಅದನ್ನು ತೆಗೆದಾಗ ವಿದ್ಯುತ್ತು ತನಗೆ ಸಿಕ್ಕಿದ ದಾರಿಯನ್ನು ಹಿಡಿಯಿತು. ಕಾರಿನ ಮೈಯಿಂದ ಇಂಜಿನಿಗೆ ಹೋಗುವ ಸಣ್ಣ ಚೋಕ್ ಕೇಬಲಿನಲ್ಲಿಯೇ ಅಷ್ಟನ್ನೂ ಹರಿಸಿತು. ಆ ಜಡೆಯ ಪಟ್ಟಿ ತಂತಿಗಳ ಕಟ್ಟಿನ ಭಾಗವಲ್ಲ. ಬೇರೆಯಾಗಿಯೇ ಬರುವ ಸಾಮಾನು. ಆದ್ದರಿಂದಲೇ ಹೊಸ ಕಟ್ಟಿನಲ್ಲಿ ಅದು ಕಾಣಲಿಲ್ಲ. ಮಂಗಳೂರಿನಲ್ಲಿದ್ದ ಹಿರಿಯವನು ನಾವು ಕಳುಹಿಸಿದ ಚಿತ್ರಗಳನ್ನು ಮಾತ್ರ ನೋಡಿದ್ದನು. ಸ್ಟಾರ್ಟರ್ ಎಳೆಯುವ ಮೊದಲು ಅದೊಂದನ್ನು ನೋಡಬೇಕಾಗಿತ್ತು, ನೋಡಲಿಲ್ಲವೆಂದು ಅವನು ಇಂದಿಗೂ ಹೇಳಿಕೊಳ್ಳುತ್ತಾನೆ.

ನಡುವಿನವಳು ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ ಅವಳು ಹೇಳಿದ ಮಾತನ್ನು ಇಲ್ಲಿ ದಾಖಲಿಸಬೇಕು. ಹಳೆಯ ಕಾವ್ಯಗಳ ಓಲೆಪ್ರತಿಗಳನ್ನು ಪರಿಷ್ಕರಿಸುವವರು ಕವಿಯದಲ್ಲವೆಂದು ತೋರಿದ ಪದ್ಯಗಳನ್ನು ‘ಪ್ರಕ್ಷಿಪ್ತ’ವೆಂದು ಬೇರ್ಪಡಿಸುತ್ತಾರೆ. ಆದರೆ ಅವರು ಅದನ್ನು ಸುಟ್ಟುಹಾಕುವುದಿಲ್ಲ. ಅಡಿಟಿಪ್ಪಣಿಯಲ್ಲಿಯೋ ಅನುಬಂಧದಲ್ಲಿಯೋ ಉಳಿಸುತ್ತಾರೆ. ಮುಂದೆ ಬರುವವನು ಅದನ್ನೇ ಮೂಲವೆಂದು ಸಾಧಿಸಬಹುದು. ನಮ್ಮ ಕುಂಬಳೆಯ ಪಾರ್ತಿಸುಬ್ಬನ ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ಎಷ್ಟು ದೀರ್ಘವಾದ ಚರ್ಚೆ ನಡೆಯಿತು! ಎರಡೂ ಪಕ್ಷದವರಿಗೆ ನೋಡಲು ಪ್ರತಿಗಳಾದರೂ ಇದ್ದವು. “ನಾವು ಪ್ರತಿಯನ್ನೇ ಹರಿದುಹಾಕಿದೆವು” ಎಂದಳು ಅವಳು. “ಅದೂ ಒಂದು ಅಕ್ಷರವನ್ನು ನನಗೆ ಬೇಕಾದಂತೆ ಓದಿಕೊಂಡು. ಅಪ್ಪ ‘ಅಧಿಕ’ ಎಂಬ ಪದವನ್ನು ಬಾಯಲ್ಲಾದರೂ ಆಡಿದ್ದುಂಟೇ? ಅದು ನನ್ನ ಪದ.”

ಅದು ನಿಜವೇ ಆಗಿತ್ತು. ಬೇಡವಾದ ಸಾಮಾನನ್ನು ತಂದೆಯವರು ‘ಎಕ್ಸ್‌ಟ್ರಾ’ ಎನ್ನುತ್ತಿದ್ದರು.

ಆಮೇಲೆ ನಾವು ಕೆಲಸವನ್ನು ಮೊದಲಿನಿಂದ ಆರಂಭಿಸಿದೆವು. ಈ ಸಲ ತಾಯಿಯವರನ್ನು ಕೇಳಿ, ನೆನಪಿದ್ದಷ್ಟನ್ನು ಕೇಳಿ, ಕತ್ತರಿಸಿ ಗೋಣಿಯಲ್ಲಿ ಹಾಕಿದ್ದ ತಂತಿಗಳನ್ನು ಅಂಗಳದಲ್ಲಿ ಹರಡಿ, ತುದಿಗಳ ಗುರುತುಗಳನ್ನು ನೋಡಿ, ತಂದೆಯವರ ತಂತಿಗಳ ನಕ್ಷೆಯನ್ನು ಒಂದು ಪುಸ್ತಕದಲ್ಲಿ ಬರೆದೆವು. ಹದಿನೇಳು ತಗಡುಗಳಲ್ಲಿ ಹನ್ನೊಂದರ ಸ್ಥಾನ ಖಚಿತವಾಯಿತು. ಆರು ಉಳಿದವು. ‘ಮ’ ಎಂದರೇನು? ‘ಸು’ ಎಂದರೇನು? ‘ಕೆ’ ಎಂಬುದು ಎರಡಿವೆ, ಏಕೆ? ತಾಯಿಯವರಿಗೂ ನೆನಪಿಲ್ಲ. ಎರಡು ಗಂಟೆಗಳಲ್ಲಿ ಕತ್ತರಿಸಿದ್ದನ್ನು ಎರಡು ವರ್ಷ ಹುಡುಕಿದರೂ ಜೋಡಿಸಲಾಗಲಿಲ್ಲ. ಇಂಗ್ಲೆಂಡಿನ ಕಾರ್ಖಾನೆಯ ನಕ್ಷೆ ಇಂದು ಕೇಳಿದವರಿಗೆ ಸಿಗುತ್ತದೆ. ಕುಂಬಳೆಯ ವರ್ಕ್‌ಶಾಪಿನ ನಕ್ಷೆ ಇದ್ದದ್ದು ಒಂದೇ ಕಡೆ, ಆ ಬಾನೆಟ್ಟಿನ ಕೆಳಗೆ.

ಹಾಗಾದರೆ ತಂದೆಯವರ ತಂತಿಗಳನ್ನೇ ಮತ್ತೆ ಹಾಕಬೇಕಾಗಿತ್ತೇ? ಈ ಪ್ರಶ್ನೆಯನ್ನು ನಾವು ಬಹಳ ದಿನ ಚರ್ಚಿಸಿದೆವು. ಆಗ ನಮ್ಮ ಕಣ್ಣ ಮುಂದಿದ್ದದ್ದು ನಮ್ಮ ಊರಿನ ಗುಡಿಯೇ. ಅನಂತಪುರದ ಮೂಲವಿಗ್ರಹಗಳು ಕಲ್ಲಿನವೂ ಅಲ್ಲ, ಲೋಹದವೂ ಅಲ್ಲ. ಎಪ್ಪತ್ತಕ್ಕೂ ಹೆಚ್ಚು ದ್ರವ್ಯಗಳನ್ನು ಸೇರಿಸಿ ಮಾಡಿದ ಕಡುಶರ್ಕರ ಯೋಗದವು. 1972ರಲ್ಲಿ ಅವುಗಳ ಸ್ಥಾನಕ್ಕೆ ಕಂಚಿ ಕಾಮಕೋಟಿ ಪೀಠದ ಜಗದ್ಗುರುಗಳು ಅನುಗ್ರಹಿಸಿದ ಪಂಚಲೋಹದ ವಿಗ್ರಹಗಳು ಬಂದವು. ಮುಂದೆ ಮತ್ತೆ ಕಡುಶರ್ಕರಕ್ಕೇ ಮರಳಬೇಕೆಂಬ ಪ್ರಯತ್ನ ನಡೆಯಿತು. ಪಂಚಲೋಹವೇನು ಕಡಮೆಯೇ ಎಂದು ಯಾರೂ ಕೇಳಲಿಲ್ಲ. ಅದು ಕಡಮೆಯದಾದ್ದರಿಂದ ಮರಳಲು ಬಯಸಿದ್ದಲ್ಲ. ಆ ಸ್ಥಳಕ್ಕೆ ಆ ದ್ರವ್ಯ ಸೇರಿದ್ದು ಎಂಬ ಕಾರಣಕ್ಕಾಗಿ. ಹಾಗೆಯೇ ನಡುವಿನ ವರ್ಷಗಳಲ್ಲಿ ಪಂಚಲೋಹದ ಮುಂದೆ ಕೈಮುಗಿದ ಜನರ ಭಕ್ತಿಯೂ ಸುಳ್ಳಾಗಲಿಲ್ಲ. ಬಾಲ್ಯದಲ್ಲಿ ನಾವು ಕೈಮುಗಿದದ್ದೂ ಅವುಗಳಿಗೇ.

ಆದ್ದರಿಂದ ಕಾರಿನಲ್ಲಿ ಇಂಗ್ಲೆಂಡಿನ ನಕ್ಷೆಯಂತಹ ಹತ್ತಿಯ ಹೆಣಿಗೆಯ ತಂತಿಗಳನ್ನೇ ಉಳಿಸಿದೆವು. ಸುಟ್ಟ ಭಾಗವನ್ನು ಹೊಸದಾಗಿ ಬೆಸೆದೆವು. ಇಂಜಿನಿನಿಂದ ಚಾಸಿಗೆ ಮೂಲದಂತೆ ತಾಮ್ರದ ಜಡೆಯ ಪಟ್ಟಿಯನ್ನು ಹಾಕಿದೆವು. ಅಂಬಾಸಡರಿನ ಡೈನಮೊವನ್ನು ಮಾತ್ರ ಬದಲಿಸಲಿಲ್ಲ. ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ. 2021ರಲ್ಲಿ ಕೇಂದ್ರ ಸರಕಾರವು ಐವತ್ತು ವರ್ಷಗಳಿಗೂ ಹಳೆಯದಾದ, ಮೂಲಸ್ವರೂಪವನ್ನು ಉಳಿಸಿಕೊಂಡ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮವನ್ನು ತಂದಿತು. ಮೂಲಸ್ವರೂಪವೆಂಬ ಪದವನ್ನು ಆ ನಿಯಮದಲ್ಲಿ ಓದಿದಾಗ ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಶ್ರೀರಂಗಪಟ್ಟಣದ ಸಮೀಪದಲ್ಲಿ ಧರ್ಮಸ್ಥಳದವರು ಸ್ಥಾಪಿಸಿರುವ ‘ಪಯಣ’ ವಸ್ತುಸಂಗ್ರಹಾಲಯಕ್ಕೂ ಹೋಗಿಬಂದೆವು. ಹಳೆಯ ವಾಹನಗಳನ್ನು ಅಷ್ಟು 
ಚೊಕ್ಕಟವಾಗಿ ಒಂದೆಡೆ ನೋಡುವುದು ಕಣ್ಣಿಗೆ ಹಬ್ಬ. ನಮ್ಮ ಕಣ್ಣುಗಳು ಮಾತ್ರ ಮುಚ್ಚಿದ ಬಾನೆಟ್ಟುಗಳ ಮೇಲೆಯೇ ಇದ್ದವು. ಒಳಗೆ ಯಾರ ಕೈಯ ತಂತಿಗಳಿರಬಹುದು, ಯಾವ ಊರಿನ ಯಾವ ಮೆಕ್ಯಾನಿಕನು ಯಾವ ರಾತ್ರಿ ಅವನ್ನು ಕಟ್ಟಿರಬಹುದು ಎಂದು ಯೋಚಿಸಿದೆವು.

ಗಡಿನಾಡಿನ ಕನ್ನಡಿಗರಾದ ನಮಗೆ ಈ ಅನುಭವ ಕಾರಿನ ಆಚೆಗೂ ಏನನ್ನೋ ಹೇಳುತ್ತಿದೆಯೆಂದು ತೋರುತ್ತದೆ. 1956ರ ನವೆಂಬರ್ ಒಂದರಿಂದ ನಾವು ಕನ್ನಡವನ್ನು ಉಳಿಸಬೇಕು ಎಂಬ ಮಾತಿನಲ್ಲಿಯೇ ಬೆಳೆದಿದ್ದೇವೆ. ಉಳಿಸುವ ಭರದಲ್ಲಿ ನಮ್ಮ ಮನೆಯ ಹಿರಿಯರ ಮಾತಿನಲ್ಲಿ ತುಳುವೂ ಮಲಯಾಳವೂ ಇಂಗ್ಲಿಷೂ ಬೆರೆತದ್ದನ್ನು ಅಶುದ್ಧವೆಂದು ತಿದ್ದಿದ್ದೇವೆ. ನಡುವಿನವಳು ತರಗತಿಯಲ್ಲಿ ‘ಎಂತ’ ಎಂದ ಮಕ್ಕಳನ್ನು ‘ಏನು’ ಎಂದು ಹೇಳಿಸಿದವಳು. ಶಿಷ್ಟ ಭಾಷೆ ಬೇಕೇ ಬೇಕು, ಅದರಲ್ಲಿಯೇ ಈ ಲೇಖನವನ್ನೂ ಬರೆಯುತ್ತಿದ್ದೇವೆ. ಆದರೆ ತಿದ್ದುವ ಮೊದಲು ಇದ್ದದ್ದನ್ನು ಬರೆದಿಟ್ಟುಕೊಳ್ಳಬೇಕಾಗಿತ್ತು. ತಿಳಿದವರು ಚಾವಡಿಯಲ್ಲಿ ಕುಳಿತಿರುವಾಗಲೇ ಕೇಳಬೇಕಾಗಿತ್ತು. ಕಟೌಟು, ಡೆಲ್ಕೊ, ಅರ್ತ್ ಎಂಬ ಪದಗಳೂ ಒಬ್ಬ ಕನ್ನಡಿಗನು ತನ್ನ ಅನ್ನವನ್ನು ದುಡಿದ ಪದಗಳು.

ಕಾರು ಈಗ ಓಡುತ್ತದೆ. ತಾಯಿಯವರನ್ನು ಕುಳ್ಳಿರಿಸಿಕೊಂಡು ಕೆರೆಯ ತನಕ ಹೋಗಿಬಂದೆವು. ಬಾನೆಟ್ಟಿನ ಒಳಗೆ ಎಲ್ಲವೂ ಕಾರ್ಖಾನೆಯ ನಕ್ಷೆಯಂತಿದೆ, ಒಂದನ್ನು ಬಿಟ್ಟು: ತಾಮ್ರದ ಜಡೆಯ ಪಟ್ಟಿಗೆ ‘ಅ’ ಎಂದು ಗೀರಿದ ತಗಡಿನ ಚೂರನ್ನು ಮತ್ತೆ ಕಟ್ಟಿದ್ದೇವೆ. ಹಳೆಯ ಕಾರುಗಳನ್ನು ಬಲ್ಲ ಒಬ್ಬರು ಬಂದು ನೋಡಿದಾಗ, ಅದೊಂದು ಮೂಲದ್ದಲ್ಲ, ತೆಗೆದುಬಿಡಿ ಎಂದರು. ನಾವು ತೆಗೆಯಲಿಲ್ಲ.

ಉಳಿದ ಹದಿನಾರು ಚೂರುಗಳು ಡಬ್ಬಿಯಲ್ಲಿವೆ, ಅದರೊಂದಿಗೆ ನಾವು ಬರೆದ ಪುಸ್ತಕವೂ ಇದೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕುಂಬಳೆಯ ಆಸುಪಾಸಿನ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡಿದ ಹಿರಿಯರು ಈ ಸಮ್ಮೇಳನಕ್ಕೆ ಬಂದಿರಬಹುದು, ಅಥವಾ ಈ ಸಂಚಿಕೆ ಅವರ ಮಕ್ಕಳ ಕೈಗೆ ಬೀಳಬಹುದು. ‘ಮ’, ‘ಸು’ ಮತ್ತು ಆ ಎರಡು ‘ಕೆ’ಗಳು ಯಾವ ತಂತಿಗಳ ಹೆಸರೆಂದು ಅವರಿಗೆ ಹೊಳೆದರೆ ಸಂಘದ ಮೂಲಕ ತಿಳಿಸಬೇಕಾಗಿ ಪ್ರಾರ್ಥನೆ. ಪುಸ್ತಕದಲ್ಲಿ ಅವುಗಳಿಗಾಗಿ ಜಾಗ ಬಿಟ್ಟಿದ್ದೇವೆ.